ಕೋರಲ್ ತೆರೆಯೂದ್ರಾಗ ಎರಡು ಚಹಾ

ಬಸವ ಜಯಂತಿಗೆ ಇನ್ನು ಹದಿನೈದು ದಿನ ಇತ್ತು. ಮದುವೆ ಪತ್ರಿಕೆ ಮಾಡುವ ನಮ್ಮಂಥವರಿಗೆ ಅದು ಕಾರ್ಖಾನೆಯವರಿಗೆ ಕಬ್ಬಿನ ಹಂಗಾಮಿದ್ದ ಹಾಗೆ. ಅಂಗಡಿ ಬಾಡಿಗೆ, ಕರೆಂಟ್ ಬಿಲ್ಲು, ಮಗನ ಫೀ ಎಲ್ಲ ಅದರಲ್ಲೇ ಹುಟ್ಟಬೇಕು. ಬಾಗಲಕೋಟೆ ನವನಗರದಲ್ಲಿ ನನ್ನದೊಂದು ಸಣ್ಣ ಡಿಟಿಪಿ ಅಂಗಡಿ: ಒಂದು ಕಂಪ್ಯೂಟರ್, ಒಂದು ಕಲರ್ ಪ್ರಿಂಟರ್, ಒಂದು ಝೆರಾಕ್ಸ್ ಮಷಿನ್, ಗಿರಾಕಿಗಳಿಗೆ ಎರಡು ಪ್ಲಾಸ್ಟಿಕ್ ಕುರ್ಚಿ.

ಅವತ್ತು ಬೀಳಗಿ ಕಡೆಯ ಹಳ್ಳಿಯಿಂದ ಒಬ್ಬ ಅಜ್ಜ ಬಂದಿದ್ದರು. ಮೊಮ್ಮಗಳ ಮದುವೆ. ಪ್ರೂಫ್ ನೋಡಿದವರೇ ಮುಖ ಸಪ್ಪಗೆ ಮಾಡಿದರು. ‘ಸುಖಾಗಮನ ಬಯಸುವವರು’ ಪಟ್ಟಿಯಲ್ಲಿ ಒಬ್ಬ ಬೀಗರ ಹೆಸರು ಬಿಟ್ಟುಹೋಗಿತ್ತು. ಇಂಥ ತಪ್ಪಿಗೆ ಮಂದಿ ಹತ್ತು ವರ್ಷ ಮಾತು ಬಿಟ್ಟಿದ್ದನ್ನು ನಾನೇ ನೋಡಿದ್ದೇನೆ. ಇರಲಿ, ಒಂದು ಹೆಸರು ಸೇರಿಸುವುದು ಎರಡು ನಿಮಿಷದ ಕೆಲಸ ಅಂತ ಪತ್ರಿಕೆ ವಿನ್ಯಾಸ ಮಾಡುವ ಕೋರಲ್ ಡ್ರಾ ಮೇಲೆ ಡಬಲ್ ಕ್ಲಿಕ್ ಮಾಡಿದೆ.

ಬಲೂನಿನ ಚಿತ್ರ ಬಂತು. ಬಂದದ್ದು ಅಲ್ಲೇ ನಿಂತಿತು. ಸಿಪಿಯು ಡಬ್ಬಿಯ ಕೆಂಪು ದೀಪ ಆರದೆ ಉರಿಯುತ್ತಿತ್ತು, ಒಳಗಿಂದ ಹಾರ್ಡ್ ಡಿಸ್ಕು ಇಲಿ ಕಟ್ಟಿಗೆ ಕಡಿದ ಹಾಗೆ ಕರಕರ ಅನ್ನುತ್ತಿತ್ತು. ಚಹಾ ತರಿಸಿದೆ. ಅಜ್ಜ ಬಸಿಗೆ ಸುರುವಿಕೊಂಡು ಆರಾಮಾಗಿ ಕುಡಿದು ಮುಗಿಸಿದರು. ಇನ್ನೊಂದು ಚಹಾ ಬಂತು.

“ನಿಮ್ಮ ಮಷಿನ್‌ಗೂ ನನ್ನಂಗ ಮೊಣಕಾಲ ಬ್ಯಾನಿ ಏನ್ರಿ?”

ನಕ್ಕೆ, ಆದರೆ ಒಳಗೆ ಉರಿ. ಏಳೂವರೆ ನಿಮಿಷ ಹಿಡಿಯಿತು. ಮೊಬೈಲ್‌ನಲ್ಲಿ ಟೈಮ್ ನೋಡಿಯೇ ಹೇಳುತ್ತಿದ್ದೇನೆ. ಒಂದು ವಾರದ ಹಿಂದೆ ಇದೇ ಮಷಿನ್, ಇದೇ ಕೋರಲ್, ಎರಡು ನಿಮಿಷದೊಳಗೆ ತೆರೆಯುತ್ತಿತ್ತು.

ಆ ಒಂದು ವಾರದಲ್ಲಿ ಬದಲಾದದ್ದು ಆ್ಯಂಟಿವೈರಸ್ ಒಂದೇ. ಹಳೆಯದರ ವರ್ಷ ಮುಗಿದಿತ್ತು. ಪ್ರತಿ ವರ್ಷ ತಂದುಕೊಡುವ ಹುಡುಗ ಈ ಸಲ ಬೇರೆ ಕಂಪನಿಯ ಡಬ್ಬಿ ಹಿಡಿದು ಬಂದ. “ಸರ, ಬರೇ ಆ್ಯಂಟಿವೈರಸ್ ಈಗ ಯಾರೂ ಹಾಕೂದಿಲ್ರಿ. ಇದು ಟೋಟಲ್ ಸೆಕ್ಯುರಿಟಿ, ಅದ ರೇಟ್‌ನಾಗ ಅಪ್‌ಗ್ರೇಡ್ ಮಾಡಿಕೊಡ್ತೇನಿ. ನಿಮ್ಮ ವಿಂಡೋಸ್ 10ಕ್ಕ ಮೈಕ್ರೋಸಾಫ್ಟ್‌ನವರು ಬ್ಯಾರೆ ಕೈ ಬಿಟ್ಟಾರ” ಅಂದ. ಅವನು ಹೇಳಿದ್ದು ಸುಳ್ಳಲ್ಲ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಬೆಂಬಲ ಮುಗಿಯಿತು. ನನ್ನದು ನಾಲ್ಕನೇ ತಲೆಮಾರಿನ ಐ3, ನಾಲ್ಕು ಜಿಬಿ ರ‍್ಯಾಮ್. ವಿಂಡೋಸ್ 11 ಎಂಟನೇ ತಲೆಮಾರಿಗಿಂತ ಹಳೆಯ ಬಹುತೇಕ ಇಂಟೆಲ್ ಪ್ರೊಸೆಸರ್‌ಗಳನ್ನು ಬಾಗಿಲೊಳಗೇ ಬಿಟ್ಟುಕೊಳ್ಳುವುದಿಲ್ಲ. ಹೆದರಿದೆ, ಹೂಂ ಅಂದೆ. ಹುಡುಗ ಅರ್ಧ ತಾಸಿನಲ್ಲಿ ಹಳೆಯದನ್ನು ತೆಗೆದು ಹೊಸದನ್ನು ಹಾಕಿ, ಹಸಿರು ಟಿಕ್ ತೋರಿಸಿ ಹೋದ.

ಬೇಡ ಅಂತ ಹೇಳಲು ನನ್ನಿಂದ ಆಗುತ್ತಿರಲಿಲ್ಲ, ಯಾಕೆಂದರೆ ನಮ್ಮ ದಂಧೆಯೇ ಪೆನ್ ಡ್ರೈವ್ ಮೇಲೆ ನಡೆಯುವಂಥದ್ದು. ಕಾಲೇಜು ಹುಡುಗರು ಪ್ರಾಜೆಕ್ಟ್ ರಿಪೋರ್ಟ್ ತರುತ್ತಾರೆ, ಮಾಸ್ತರರು ಪ್ರಶ್ನೆಪತ್ರಿಕೆ ತರುತ್ತಾರೆ, ಎಲ್ಲರ ಪೆನ್ ಡ್ರೈವೂ ಊರಿನ ಹತ್ತು ಕಂಪ್ಯೂಟರ್ ಸುತ್ತಿ ಬಂದದ್ದೇ. ಶಾರ್ಟ್‌ಕಟ್ ವೈರಸ್ ಅಂತೂ ನೆಗಡಿ ಇದ್ದಂತೆ. ಫೋಲ್ಡರ್ ಮಾಯವಾಗಿ ಅದೇ ಹೆಸರಿನ ಶಾರ್ಟ್‌ಕಟ್ ಕೂತಿರುತ್ತದೆ, ಹುಡುಗಿಯರು ಅಳುವುದೊಂದು ಬಾಕಿ. ಫೈಲುಗಳು ಎಲ್ಲೂ ಹೋಗಿರುವುದಿಲ್ಲ, ಅಡಗಿಸಿಟ್ಟಿರುತ್ತದೆ ಅಷ್ಟೇ. ಕಮಾಂಡ್ ಪ್ರಾಂಪ್ಟ್‌ನಲ್ಲಿ ಅಟ್ರಿಬ್ ಕಮಾಂಡ್ ಹೊಡೆದು ಹೊರಗೆ ತಂದುಕೊಟ್ಟು ನಾನು ಎಷ್ಟೋ ಮಂದಿಯ ಆಶೀರ್ವಾದ ಪಡೆದಿದ್ದೇನೆ. ಹತ್ತು ರೂಪಾಯಿ ಮಾತ್ರ ಯಾರೂ ಹೆಚ್ಚಿಗೆ ಕೊಟ್ಟಿಲ್ಲ.

ಅಜ್ಜ ಹೋದ ಮೇಲೆ ರಿಪೇರಿಯವನನ್ನು ಕರೆದೆ. ಎರಡು ಬಟನ್ ಒತ್ತಿ ನೋಡಿದವನೇ “ಫಾರ್ಮ್ಯಾಟ್ ಹೊಡೀಬೇಕ್ರಿ” ಅಂದ. ಇವರ ಕೈಯಲ್ಲಿ ಎಲ್ಲ ರೋಗಕ್ಕೂ ಅದೊಂದೇ ಸೂಜಿ. ಸೀಸನ್‌ನಲ್ಲಿ ಫಾರ್ಮ್ಯಾಟ್ ಮಾಡಿಸಿದರೆ ಫಾಂಟು, ಪ್ರಿಂಟರ್ ಡ್ರೈವರ್, ಹಳೆಯ ಪತ್ರಿಕೆಗಳು ಎಲ್ಲ ಮತ್ತೆ ಜೋಡಿಸುವಷ್ಟರಲ್ಲಿ ಮದುವೆ ಮುಗಿದು ಸೀಮಂತ ಬಂದಿರುತ್ತದೆ.

ಮರುದಿನ ಇನ್ನೊಂದು ಸೋಜಿಗ. ನುಡಿಯಲ್ಲಿ ಟೈಪ್ ಮಾಡಲು ಕೂತರೆ ಅಕ್ಷರ ಎಲ್ಲ ಇಂಗ್ಲಿಷ್‌ನಲ್ಲೇ ಬೀಳುತ್ತಿವೆ. ನೋಡಿದರೆ ಹೊಸ ಕಾವಲುಗಾರ ನುಡಿಯನ್ನೇ ಹಿಡಿದು ಕ್ವಾರಂಟೈನ್‌ನಲ್ಲಿ ಕೂಡಿಸಿದ್ದಾನೆ! ಕನ್ನಡ ಗಣಕ ಪರಿಷತ್ತಿನವರು ಮಾಡಿದ, ಸರಕಾರಿ ಕಚೇರಿಗಳಲ್ಲೆಲ್ಲ ಓಡುವ ತಂತ್ರಾಂಶ ಇದು. ಆಮೇಲೆ ಯೋಚಿಸಿದರೆ ಅವನ ಅನುಮಾನಕ್ಕೂ ಅರ್ಥ ಇತ್ತು. ನಾವು ಒತ್ತುವ ಒಂದೊಂದು ಕೀಲಿಯನ್ನೂ ನಡುವೆಯೇ ಹಿಡಿದು ಕನ್ನಡಕ್ಕೆ ತಿರುಗಿಸುವುದು ನುಡಿಯ ಕೆಲಸ. ಪಾಸ್‌ವರ್ಡ್ ಕದಿಯುವ ಕಳ್ಳ ಪ್ರೋಗ್ರಾಮೂ ಹಾಗೆಯೇ ನಡುವೆ ನಿಂತು ಕೀಲಿ ಹಿಡಿಯುತ್ತದೆ. ವೇಷ ಒಂದೇ ಕಂಡಿತು, ಹಿಡಿದು ಕೂಡಿಸಿದ. ಬಿಡಿಸಿಕೊಂಡು ಬಂದೆ.

ರಾತ್ರಿ ಅಕ್ಕನ ಮಗನಿಗೆ ಫೋನ್ ಹಚ್ಚಿದೆ. ಹುಬ್ಬಳ್ಳಿಯಲ್ಲಿ ಕಂಪ್ಯೂಟರ್ ನೆಟ್‌ವರ್ಕ್ ಕೆಲಸ ಮಾಡುತ್ತಾನೆ. “ಮಾಮಾ, ಮೊದಲ ಟಾಸ್ಕ್ ಮ್ಯಾನೇಜರ್ ತಗೀರಿ” ಅಂದ. ಸಿಪಿಯು ಇಪ್ಪತ್ತೂ ಇಲ್ಲ, ಆದರೆ ಡಿಸ್ಕ್ ಅನ್ನುವ ಕಾಲಮ್ಮು ಕೆಂಪಾಗಿ ನೂರಕ್ಕೆ ನೂರು. ಆಮೇಲೆ ಕಮಾಂಡ್ ಪ್ರಾಂಪ್ಟನ್ನು ಅಡ್ಮಿನಿಸ್ಟ್ರೇಟರ್ ಆಗಿ ತೆರೆದು ‘ಎಫ್ ಎಲ್ ಟಿ ಎಂ ಸಿ’ ಅಂತ ಐದೇ ಅಕ್ಷರ ಹೊಡೆಯಲು ಹೇಳಿದ.

ಕಪ್ಪು ಪರದೆ ಮೇಲೆ ಹತ್ತು ಹನ್ನೆರಡು ಸಾಲು ಬಂದವು. ಎಡಕ್ಕೆ ಅರ್ಥವಾಗದ ಹೆಸರು, ಬಲಕ್ಕೆ ಐದಾರಂಕಿಯ ಸಂಖ್ಯೆ. “ಮೂವತ್ತೆರಡರಿಂದ ಶುರು ಆಗೂ ನಂಬರ್ ಎಷ್ಟು ಅದಾವ ಹೇಳ್ರಿ.”

“ಎರಡು.”

“ಒಂದ ಇರಬೇಕಿತ್ತು ಮಾಮಾ.”

ಅವನು ಬಿಡಿಸಿ ಹೇಳಿದ್ದು ಹೀಗೆ. ವಿಂಡೋಸ್‌ನಲ್ಲಿ ಯಾವ ಫೈಲು ತೆರೆದರೂ ಆ ಕೇಳಿಕೆ ಡಿಸ್ಕಿಗೆ ಹೋಗುವ ದಾರಿಯಲ್ಲಿ ಫಿಲ್ಟರ್ ಡ್ರೈವರ್ ಅನ್ನುವ ಗೇಟುಗಳಿವೆ. ಯಾವ ಗೇಟು ಎಷ್ಟು ಎತ್ತರದಲ್ಲಿ ಅನ್ನುವುದೇ ಆ ಸಂಖ್ಯೆ. 320000ದ ಆಸುಪಾಸಿನ ಜಾಗವನ್ನು ಮೈಕ್ರೋಸಾಫ್ಟ್ ಆ್ಯಂಟಿವೈರಸ್‌ನವರಿಗೆ ಮೀಸಲಿಟ್ಟಿದೆ. ಫೈಲು ಆ ಗೇಟಿನಲ್ಲಿ ನಿಲ್ಲಬೇಕು, ತಪಾಸಣೆ ಆಗಬೇಕು, ಆಮೇಲೆ ಮುಂದೆ. ಎಪಿಎಂಸಿ ಬಾಗಿಲಲ್ಲಿ ಒಬ್ಬ ಚೀಲಕ್ಕೆ ಚುಚ್ಚಿ ಕಾಳು ತೆಗೆದು ನೋಡಿ ಬಿಟ್ಟ ಮೇಲೆ ನಾಲ್ಕು ಹೆಜ್ಜೆ ಆಚೆ ಇನ್ನೊಬ್ಬ ಅದೇ ಚೀಲಕ್ಕೆ ಮತ್ತೆ ಚುಚ್ಚಿದರೆ ಹೇಗಿರುತ್ತದೆ? ನನ್ನ ಮಷಿನ್‌ನಲ್ಲಿ ನಡೆದದ್ದು ಅದೇ. ಹುಡುಗ ತೆಗೆದೆ ಅಂದ ಹಳೆಯ ಆ್ಯಂಟಿವೈರಸ್ಸಿನ ಹೆಸರು ಪ್ರೋಗ್ರಾಮುಗಳ ಪಟ್ಟಿಯಿಂದಷ್ಟೇ ಹೋಗಿತ್ತು. ಅದರ ಡ್ರೈವರೂ, ಸರ್ವಿಸೂ ಒಳಗೆ ಜೀವಂತ.

ನಾವು ಆಲಮಟ್ಟಿ ಹಿನ್ನೀರಿನ ಮುಳುಗಡೆಯವರು, ಇದು ನಮಗೆ ಗೊತ್ತಿಲ್ಲದ್ದಲ್ಲ. ಪರಿಹಾರ ತೆಗೆದುಕೊಂಡು, ಚೌಕಟ್ಟು ಕಿತ್ತುಕೊಂಡು ನವನಗರಕ್ಕೆ ಬಂದ ಮೇಲೂ ಹಳೇ ಬಾಗಲಕೋಟೆಯಲ್ಲಿ ನಮ್ಮ ಮನೆಯ ಗೋಡೆ ಎಷ್ಟೋ ದಿನ ನಿಂತೇ ಇತ್ತು. ಕಾಗದದ ಮೇಲೆ ಆ ಮನೆ ಇರಲೇ ಇಲ್ಲ.

ಹಳೆಯ ಕಂಪನಿಯ ಸೈಟಿನಲ್ಲೇ ಪೂರಾ ಕಿತ್ತುಹಾಕುವ ಪ್ರತ್ಯೇಕ ಟೂಲ್ ಸಿಕ್ಕಿತು. ದೊಡ್ಡ ಆ್ಯಂಟಿವೈರಸ್ ಕಂಪನಿಗಳೆಲ್ಲ ಇಂಥದೊಂದನ್ನು ಇಟ್ಟಿರುತ್ತಾರಂತೆ, ಅಂದರೆ ತಮ್ಮ ಸಾಮಾನು ಸಲೀಸಾಗಿ ಹೋಗುವುದಿಲ್ಲ ಅಂತ ಅವರಿಗೇ ಗೊತ್ತು. ಓಡಿಸಿ, ರಿಸ್ಟಾರ್ಟ್ ಮಾಡಿ ಮತ್ತೆ ಐದಕ್ಷರ ಹೊಡೆದೆ. ಮೂವತ್ತೆರಡರದು ಒಂದೇ ಸಾಲು ಉಳಿದಿತ್ತು. ಕೋರಲ್ ನಾಲ್ಕು ನಿಮಿಷಕ್ಕೆ ಇಳಿಯಿತು.

ನಾಲ್ಕು ಯಾಕೆ, ಎರಡು ಯಾಕಿಲ್ಲ? ಅಳಿಯ ಕೇಳಿದ: “ಫಾಂಟ್ ಎಷ್ಟ ಹಾಕೀರಿ?” ಎಣಿಸಿದೆ. 1,160. ಇಪ್ಪತ್ತು ವರ್ಷ ಯಾರ್ಯಾರೋ ಕೊಟ್ಟ ಸಿಡಿಗಳಿಂದ ತುಂಬಿಸಿದ್ದು. ಕೋರಲ್ ತೆರೆಯುವಾಗ ಪ್ರತಿಯೊಂದು ಫಾಂಟನ್ನೂ ಮುಟ್ಟುತ್ತದೆ, ಅದು ಮುಟ್ಟಿದ್ದನ್ನೆಲ್ಲ ಆ್ಯಂಟಿವೈರಸ್ ಮೂಸುತ್ತದೆ. ಒಮ್ಮೆ ಮೂಸಿ ಸರಿ ಅನ್ನಿಸಿದ್ದನ್ನು ನೆನಪಿಟ್ಟುಕೊಂಡು ಮುಂದಿನ ಸಲ ಬಿಡುತ್ತದಂತೆ, ಆದರೆ ಹೊಸ ಆ್ಯಂಟಿವೈರಸ್ ಬಂದಾಗ ಆ ನೆನಪೆಲ್ಲ ಅಳಿಸಿ ಮೊದಲಿಂದ ಶುರು. ತಿರುಗುವ ಹಾರ್ಡ್ ಡಿಸ್ಕಿನಲ್ಲಿ ಮುಳ್ಳು ಅಲ್ಲಿಂದಿಲ್ಲಿಗೆ ಹಾರಿ ಹಾರಿ ಓದಬೇಕು, ಸೆಕೆಂಡಿಗೆ ನೂರು ಸಲ ಹಾರಿದರೆ ಹೆಚ್ಚು. ಅದೇ ಆ ಕರಕರ ಸದ್ದು. ಒಂದು ಸಂಜೆ ಕೂತು ಆರಿಸಿದೆ. ನಾನು ನಿಜಕ್ಕೂ ಬಳಸುವುದು ನಲವತ್ತೋ ಐವತ್ತೋ. ಉಳಿದದ್ದನ್ನು ಬೇರೆ ಫೋಲ್ಡರ್‌ಗೆ ಸಾಗಿಸಿದೆ. ಹುಡುಗನನ್ನು ಬೈದ ಬೈಗುಳದಲ್ಲಿ ಅರ್ಧ ನನಗೇ ಸೇರಬೇಕಿತ್ತು.

ಇನ್ನೊಂದು ಮರೆತೆ. ಆ ಹುಡುಗ ಫುಲ್ ಸ್ಕ್ಯಾನ್ ರಾತ್ರಿ ಎರಡು ಗಂಟೆಗೆ ಅಂತ ಇಟ್ಟಿದ್ದ. ರಾತ್ರಿ ಎಂಟಕ್ಕೆ ನಾನು ಮೇನ್ ಸ್ವಿಚ್ಚೇ ಆರಿಸಿ ಹೋಗುವವನು. ತಪ್ಪಿಹೋದ ಸ್ಕ್ಯಾನ್ ಬೆಳಿಗ್ಗೆ ಮಷಿನ್ ಚಾಲೂ ಆದ ಕೂಡಲೇ ಶುರುವಾಗುತ್ತಿತ್ತು, ಸರಿಯಾಗಿ ಗಿರಾಕಿ ಬರುವ ಹೊತ್ತಿಗೆ. ಈಗ ನಾನು ಊಟಕ್ಕೆ ಹೋಗುವ ಎರಡು ಗಂಟೆಗೆ ಇಟ್ಟಿದ್ದೇನೆ. ‘ಪಿಸಿ ಟ್ಯೂನಪ್’ ಅನ್ನುವ ಬಟನ್ ಒಂದಿತ್ತು, ವೇಗ ಹೆಚ್ಚಿಸಲು ಅಂತ ಸದಾ ಹಿಂದೆ ಓಡುತ್ತ ವೇಗ ತಿನ್ನುತ್ತಿತ್ತು, ಬಂದ್ ಮಾಡಿದೆ.

“ವಿಂಡೋಸ್‌ದಾಗ ಪುಕ್ಕಟೆ ಡಿಫೆಂಡರ್ ಆ್ಯಂಟಿವೈರಸ್ ಇರೂವಾಗ ರೊಕ್ಕಾ ಕೊಟ್ಟು ಇದ್ಯಾಕ ಬೇಕಿತ್ತು?” ಅಂತ ಅಳಿಯ ಛೇಡಿಸಿದ. 2024ರ ಜುಲೈ 19 ನೆನಪಿಸಿದ. ಇಂಥದೇ ಕಾವಲು ಸಾಫ್ಟ್‌ವೇರಿನ ಒಂದು ಕೆಟ್ಟ ಅಪ್‌ಡೇಟಿನಿಂದ ಜಗತ್ತಿನಲ್ಲಿ 85 ಲಕ್ಷ ಕಂಪ್ಯೂಟರುಗಳು ನೀಲಿ ಪರದೆ ತೋರಿಸಿ ಮಲಗಿದ್ದವು, ನಮ್ಮ ದೇಶದ ವಿಮಾನ ನಿಲ್ದಾಣಗಳಲ್ಲೂ ಬೋರ್ಡಿಂಗ್ ಪಾಸನ್ನು ಕೈಯಲ್ಲಿ ಬರೆದುಕೊಟ್ಟಿದ್ದರು. ಮಷಿನ್‌ನ ಅಷ್ಟು ಆಳಕ್ಕೆ ಯಾರನ್ನೇ ಬಿಟ್ಟುಕೊಂಡರೂ ಈ ಅಪಾಯ ಇದ್ದದ್ದೇ ಅಂದ. ಅವನ ಮಾತು ಸರಿ ಇದ್ದೀತು. ಆದರೆ ರೊಕ್ಕ ಕೊಟ್ಟಾಗಿದೆ, ವರ್ಷ ಮುಗಿಯಲಿ. ನೋಡೋಣ.

ಅಜ್ಜ ಸೋಮವಾರ ಮತ್ತೆ ಬಂದರು, ಐನೂರು ಪತ್ರಿಕೆ ಒಯ್ಯಲು. ಹೊಸ ಬೀಗರ ಹೆಸರನ್ನು ಬೆರಳಿಟ್ಟು ಓದಿದರು, ಸರಿ ಇತ್ತು. ಜೊತೆಗೆ ಬಂದ ಮೊಮ್ಮಗ, ಬ್ಯಾನರಿಗೆ ಹುಡುಗ ಹುಡುಗಿಯ ಫೋಟೋ ಬೇಕು ಅಂತ ಪೆನ್ ಡ್ರೈವ್ ಕೊಟ್ಟ. ಚುಚ್ಚಿದ ಕೂಡಲೇ ಮೂಲೆಯಲ್ಲಿ ಕೆಂಪು ಡಬ್ಬಿ: ನಾಲ್ಕು ಶಾರ್ಟ್‌ಕಟ್ ಹಿಡಿದಿದೆ. ಅಟ್ರಿಬ್ ಹೊಡೆದು ಫೋಟೋ ತೆಗೆದೆ. ಕೋರಲ್ ಒಂದೂವರೆ ನಿಮಿಷಕ್ಕೆ ತೆರೆಯಿತು.

“ಇವತ್ತ ಚಹಾ ಇಲ್ಲೇನ್ರಿ?” ಅಂದರು ಅಜ್ಜ. ತರಿಸಿದೆ.