ಹಕ್ಕಿ ಅಕ್ಕಿ ತಿಂತು

ಕನ್ನಡ ಮೇಷ್ಟ್ರು ಹೋದ ಸುದ್ದಿ ಬಂದಾಗ ನಾನು ಶ್ರೀರಂಗಪಟ್ಟಣದ ಹತ್ತಿರ ಶೂಟಿಂಗ್‌ನಲ್ಲಿದ್ದೆ. ಹಾಸಿಗೆ ಹಿಡಿದ ಅಪ್ಪನ ಪಾತ್ರ. ಈಚೆಗೆ ನನಗೆ ಬರೋದೆಲ್ಲ ಅಂಥವೇ.

ಮೊದಲ ಸಿನಿಮಾ ಬಂದಾಗ ನಾನು ಆರನೇ ಕ್ಲಾಸು. ಮೈಸೂರಿನ ಹುಣಸೂರು ರಸ್ತೆಯ ಪ್ರೀಮಿಯರ್ ಸ್ಟುಡಿಯೋದಲ್ಲಿ ತೆಗೆದದ್ದು. ಟೈಟಲ್‌ನಲ್ಲಿ ಹೆಸರಿಗೆ ಮುಂಚೆ ‘ಮಾಸ್ಟರ್’ ಅಂತ ಹಾಕಿದ್ದರು. ದೇವರಾಜ ಮಾರ್ಕೆಟ್‌ಗೆ ಹೋದರೆ ಕೆನ್ನೆ ಹಿಂಡುವವರೇ ಜಾಸ್ತಿ. ಒಬ್ಬರು ಒಂದು ಚಿಪ್ಪು ರಸಬಾಳೆ ಕೊಟ್ಟು ದುಡ್ಡೇ ಬೇಡ ಅಂದರು. ತಲೆ ತಿರುಗದೆ ಇರುತ್ತಾ?

ತಿರುಗಿದ ತಲೆಯನ್ನು ನೆಟ್ಟಗೆ ಮಾಡಿದವರು ಮೇಷ್ಟ್ರು. ‘ಬಾಪ್ಪಾ ಮಾಸ್ಟರ್, ಬೋರ್ಡ್ ಒರೆಸು’ ಅನ್ನೋರು. ನಮ್ಮನೆ ಮಂಡ್ಯ ಕಡೇದು, ನನ್ನ ಬಾಯಲ್ಲಿ ‘ಹ’ ನಿಲ್ಲುತ್ತಿರಲಿಲ್ಲ. ಹಾಲು ‘ಆಲು’, ಹಣ್ಣು ‘ಅಣ್ಣು’. ಡಬ್ಬಿಂಗ್‌ಗೆ ಮದ್ರಾಸಿಗೆ ಹೊರಡುವ ಮುಂಚೆ ‘ಹಕ್ಕಿ ಅಕ್ಕಿ ತಿಂತು’ ಅಂತ ನೂರು ಸಲ ಹೇಳಿಸಿದರು. ಇವತ್ತು ನನ್ನ ಉಚ್ಚಾರಣೆಯನ್ನು ಜನ ಹೊಗಳುತ್ತಾರೆ. ಹೊಗಳಿಕೆ ತಪ್ಪೇನಲ್ಲ ಬಿಡಿ.

ಒಂದು ಸಲ ಸ್ಟುಡಿಯೋದ ಮೇಕಪ್ ಅಣ್ಣನ ಕೈಕಾಲು ಹಿಡಿದು ಒಂದು ಸೀಸೆ ‘ರಕ್ತ’ ತಂದೆ. ಗಣಿತದ ಟೆಸ್ಟ್ ದಿನ ಗೆಳೆಯನ ಹಣೆಗೆ ಬಳಿದು, ‘ಬಿದ್ದ, ಆಸ್ಪತ್ರೆಗೆ ಕರ್ಕೊಂಡು ಹೋಗ್ತೀವಿ’ ಅಂತ ಆರು ಜನ ಹೊರಟೆವು. ಗೇಟಿನಲ್ಲಿ ಮೇಷ್ಟ್ರು. ಗೆಳೆಯನನ್ನು ಕಲ್ಲುಬೆಂಚಿನ ಮೇಲೆ ಮಲಗಿಸಿ, ಪಕ್ಕದಲ್ಲೇ ಸುಮ್ನೆ ಕೂತರು. ಹತ್ತು ನಿಮಿಷಕ್ಕೆ ಅವನ ಹಣೆ ತುಂಬ ಇರುವೆ! ಅದು ಸಕ್ಕರೆ ಪಾಕಕ್ಕೆ ಕೆಂಪು ಬಣ್ಣ ಕಲಸಿದ್ದು. ‘ಇವನಿಗೆ ಸಕ್ಕರೆ ಕಾಯಿಲೆ ಕಣಯ್ಯಾ’ ಅಂದರು. ಹೊಡೆಯಲಿಲ್ಲ. ಟೆಸ್ಟ್ ಬರೆಸಿದರು. ನನಗೆ ಎಷ್ಟು ಬಂತು ಅನ್ನೋದು ಇಲ್ಲಿ ಬೇಡ.

1989ರ ಫೆಬ್ರವರಿಯಲ್ಲಿ ಅದೇ ಸ್ಟುಡಿಯೋಗೆ ಬೆಂಕಿ ಬಿದ್ದು 60ಕ್ಕೂ ಹೆಚ್ಚು ಜನ ಸತ್ತರು. ಆ ರಸ್ತೆಯಲ್ಲಿ ಹೋದರೆ ಈಗಲೂ ನಾನು ಆ ಕಡೆ ನೋಡೋದಿಲ್ಲ.

ಒಂಬತ್ತನೇ ಕ್ಲಾಸಿಗೆ ಗಂಟಲು ಒಡೆಯಿತು, ಮೀಸೆ ಚಿಗುರಿತು. ಮಗುವೂ ಅಲ್ಲ, ಹೀರೋನೂ ಅಲ್ಲ. ಮನೆ ಮುಂದೆ ಕಾರು ನಿಲ್ಲೋದು ನಿಂತಿತು. ಮಾರ್ಕೆಟ್‌ನಲ್ಲಿ ಬಾಳೆಹಣ್ಣಿಗೆ ಪೂರ್ತಿ ದುಡ್ಡು ಕೇಳಿದರು. ಸ್ಕೂಲಿನಲ್ಲಿ ಮಾತ್ರ ಏನೂ ಬದಲಾಗಲಿಲ್ಲ. ಅದೇ ಬೋರ್ಡು, ಅದೇ ‘ಬಾಪ್ಪಾ ಮಾಸ್ಟರ್’. ಆಮೇಲೆ ಸಣ್ಣಪುಟ್ಟ ಪಾತ್ರ, ಸೀರಿಯಲ್, ಈಗ ಅಪ್ಪ, ಮಾವ. ಹೇಗೋ ನಲವತ್ತು ವರ್ಷ ದಾಟಿತು.

ಹೋದ ವರ್ಷ ವಾರ್ಷಿಕೋತ್ಸವಕ್ಕೆ ನನ್ನನ್ನು ಕರೆದಿದ್ದರು. ಕಟ್ಟಡ ಚೆನ್ನಾಗಿದೆ. ಮಕ್ಕಳು ಸೆಲ್ಫಿ ಕೇಳಿದರು, ಪದ್ಯ ಹೇಳಿ ಅಂದರೆ ಮೊಬೈಲ್ ತಡಕಿದರು. ‘ಹಕ್ಕಿ ಅಕ್ಕಿ’ ಹೇಳಿಸಲು ಯಾರಿಗೂ ಪುರುಸೊತ್ತಿಲ್ಲ ಅಂತ ಕಾಣುತ್ತೆ.

ಹನ್ನೊಂದರ ದಿನ ಸರಸ್ವತೀಪುರಂನ ಮೇಷ್ಟ್ರ ಮನೆಗೆ ಹೋಗಿದ್ದೆ. ‘ನಿನ್ನ ಸೀರಿಯಲ್ ಒಂದು ದಿನ ತಪ್ಪಿಸ್ತಿರಲಿಲ್ಲ ಕಣಪ್ಪಾ’ ಅಂದರು ಮೇಷ್ಟ್ರ ಹೆಂಡತಿ. ನಾನು ಹಿಗ್ಗಿದೆ. ‘ನೋಡು, ಮತ್ತೆ ಹ ನುಂಗಿದ, ಅಂತ ಬೈಕೊಂಡೇ ನೋಡೋರು.’

ಅದರಲ್ಲಿ ಡಬ್ಬಿಂಗ್ ಬೇರೆಯವರದ್ದು ಅನ್ನೋಣ ಅಂತ ಬಾಯಿವರೆಗೆ ಬಂತು. ಅನ್ನಲಿಲ್ಲ. ಧ್ವನಿ ನನ್ನದೇ.