ಹಗಲು ಹೊತ್ತಿನ ಮಹಜರು

ಎಸಿ (ಉಪವಿಭಾಗಾಧಿಕಾರಿ) ಸಾಹೇಬರ ಕೋರ್ಟಿನ ಟೇಬಲ್ಲಿನ ಮೇಲೆ ಆ ಅಜ್ಜಿ ಬೂದಿ ಮೆತ್ತಿದ ಬಿಳಿ ಧೋತರ ಹರವಿದ್ದು ನೆನಪಾದರೆ ಈಗಲೂ ಸಂಕಟವಾಗುತ್ತದೆ.

ಕೊಪ್ಪಳ-ರಾಯಚೂರು ಸೀಮೆಯ ಒಂದು ಕಂದಾಯ ಕಚೇರಿಯಲ್ಲಿ ನಾನು ಎಂಎಜಿ, ಅಂದರೆ ದಂಡಾಧಿಕಾರಿ ಪ್ರಕರಣಗಳ ಶಾಖೆಯ ಕೇಸ್ ವರ್ಕರ್. ಸುಗ್ಗಿ ಬಂತೆಂದರೆ ತುಂಗಭದ್ರಾ ಎಡದಂಡೆ ಕಾಲುವೆಯ ಉದ್ದಕ್ಕೂ ರೈಸ್ ಮಿಲ್ಲುಗಳು ಬಿಡುವಿಲ್ಲದೆ ಓಡುತ್ತವೆ. ನೂರು ಕೆಜಿ ಭತ್ತಕ್ಕೆ ಸುಮಾರು 20 ಕೆಜಿ ಹೊಟ್ಟು, ಅದನ್ನು ಬಾಯ್ಲರಿಗೆ ಹಾಕಿದರೆ ಐದರಲ್ಲೊಂದು ಪಾಲು ಬೂದಿ. ಒಂದು ಮಿಲ್ಲಿನ ಬೂದಿ ಓಣಿಯ ಮೇಲೆ ಬೀಳುತ್ತಿದೆಯೆಂದು ಅರ್ಜಿ ಬಂತು. ತೊಂದರೆ ನಿಲ್ಲಿಸಿ, ಇಲ್ಲವೇ ಬಂದು ತಕರಾರು ಹೇಳಿ ಎಂಬ ಷರತ್ತಿನ ಆದೇಶವಾಯಿತು, ಮಿಲ್ಲಿನವರು ಹಾಜರಾಗಿ ತಕರಾರು ಹಾಕಿದರು, ಸಾಹೇಬರು ಸ್ಥಳ ತನಿಖೆಗೆ ಆದೇಶ ಬರೆಯಲು ಹೇಳಿದರು.

ತಪ್ಪಿದ್ದು ಅಲ್ಲೇ. ಹಳೆಯ ಸಿಆರ್‌ಪಿಸಿ (ದಂಡ ಪ್ರಕ್ರಿಯಾ ಸಂಹಿತೆ) ಬದಲಿಗೆ ನಾಗರಿಕ ಸುರಕ್ಷಾ ಸಂಹಿತೆ 2024ರ ಜುಲೈ 1ಕ್ಕೆ ಜಾರಿಗೆ ಬಂದಿದ್ದರೂ ನಮ್ಮ ಕಂಪ್ಯೂಟರಿನ ನಮೂನೆಯಲ್ಲಿ ಷರತ್ತಿನ ಆದೇಶಕ್ಕೆ, ಸ್ಥಳ ತನಿಖೆಗೆ ಹಳೆಯ 133, 139 ಕಲಮುಗಳೇ ಇದ್ದವು. ಅವನ್ನು 152, 158 ಎಂದು ತಿದ್ದುವುದರಲ್ಲೇ ನನ್ನ ಗಮನವೆಲ್ಲ ಹೋಯಿತು. ಕೆಳಗಿನ ಒಂದು ಸಾಲು ಹಾಗೇ ಉಳಿಯಿತು: 'ಸ್ಥಳ ತನಿಖೆ ಮಾಡಿ ವರದಿ ಸಲ್ಲಿಸುವುದು.' ಯಾವಾಗ ಹೋಗಬೇಕು, ಏನು ನೋಡಬೇಕು, ಯಾರಿಗೆ ತಿಳಿಸಬೇಕು, ಒಂದೂ ಇರಲಿಲ್ಲ.

ಆರ್‌ಐ (ಕಂದಾಯ ನಿರೀಕ್ಷಕರು) ಬೆಳಿಗ್ಗೆ ಹನ್ನೊಂದಕ್ಕೆ ಹೋಗಿ ಮಹಜರು ಮಾಡಿಕೊಂಡು ಬಂದರು. ವಿಚಾರಣೆಯ ದಿನ ಮಿಲ್ಲಿನ ವಕೀಲರು ಅದನ್ನೇ ನಿಧಾನವಾಗಿ ಓದಿದರು: 'ಸ್ಥಳದಲ್ಲಿ ಹಾರುಬೂದಿ ಕಂಡುಬಂದಿರುವುದಿಲ್ಲ.' ಓದಿ, "ಈ ವರದಿಯನ್ನ ಸಾಕ್ಷ್ಯ ಅಂತ ಓದಬಹುದು, 159ರಾಗೇ ಅದ ಸರ್" ಅಂದರು. ನಿಜವೇ ಇತ್ತು. ಓಣಿಯ ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡರು.

ಆಗಲೇ ಅಜ್ಜಿ ಎದ್ದದ್ದು. "ಹಗಲಾಗ ಬಂದು ಏನ್ ನೋಡಿದ್ರಿ ಯಪ್ಪಾ? ಅವ್ರು ಬೂದಿ ಹೊರಗ ಹಾಕೋದು ರಾತ್ರಿ."

ಸಾಹೇಬರು ನನ್ನ ಕಡೆ ತಿರುಗಿದರು. "ಆರ್‌ಐಗೆ ಕೊಟ್ಟ ಲಿಖಿತ ಸೂಚನೆ ಎಲ್ಲಿ?" ಕಡತದ ಹಾಳೆಗಳನ್ನು ಮುಂದೆ ಹಿಂದೆ ತಿರುವಿದೆ. ಇಲ್ಲದ್ದು ಎಲ್ಲಿ ಸಿಗಬೇಕು! ಇಡೀ ಕೋರ್ಟು ಸುಮ್ಮನಿತ್ತು. "ಕೊಟ್ಟಿಲ್ಲ ಸರ್" ಅನ್ನುವಷ್ಟರಲ್ಲಿ ಬಾಯಿ ಒಣಗಿತ್ತು. ಆರ್‌ಐ ಮೇಲೆ ಹಾಕಬಹುದಿತ್ತು, ಆದರೆ ಅವರ ತಪ್ಪಲ್ಲ. ಅರ್ಜಿಯ ಎರಡನೇ ಪುಟದಲ್ಲೇ 'ರಾತ್ರಿ ವೇಳೆ' ಎಂದು ಬರೆದಿತ್ತು. ನಾನು ಓದಿರಲಿಲ್ಲ.

ಪ್ರಕರಣ ಮುಗಿಸಬೇಕಾದ ತೊಂಬತ್ತು ದಿನದ ಗಡುವಿನಲ್ಲಿ 61 ಆಗಲೇ ಕಳೆದಿದ್ದವು. ಅವತ್ತು ಸಂಜೆ ಕೂತು ಹೊಸ ಸೂಚನೆ ಬರೆದೆ: ಎರಡೂ ಕಡೆಯವರಿಗೆ ನೋಟಿಸು, ರಾತ್ರಿ ಹತ್ತರಿಂದ ಬೆಳಗಿನ ಆರರವರೆಗೆ ತನಿಖೆ, ಮೂರು ಮನೆಗಳ ಮಾಳಿಗೆಯ ಮೇಲೆ ಬಿಳಿ ಬಟ್ಟೆ, ಗಾಳಿಯ ದಿಕ್ಕು, ಬಾಯ್ಲರ್ ಓಡಿದ ಹೊತ್ತು, ಖರ್ಚು ಮಿಲ್ಲಿನವರದು. ಮಾಲಿನ್ಯ ನಿಯಂತ್ರಣ ಮಂಡಳಿಯ ಪರಿಸರ ಅಧಿಕಾರಿಗೆ ತಜ್ಞರೆಂದು ಸಮನ್ಸ್ ಹೋಯಿತು. ಪತ್ರ ಬರೆದು ಅಭಿಪ್ರಾಯ ತರಿಸಿಕೊಂಡರಾಯಿತು ಎಂದು ನಾನು ಟಿಪ್ಪಣಿ ಇಟ್ಟಿದ್ದೆ. ಸಾಹೇಬರು ಅದನ್ನು ಹೊಡೆದುಹಾಕಿ, ಕಾನೂನು ಹೇಳುವುದು ತಜ್ಞರನ್ನು ಕರೆಸಿ ವಿಚಾರಿಸಲು ಎಂದು ಬರೆದರು.

ಕರೆಸಿದ್ದು ಒಳ್ಳೆಯದಾಯಿತು. ನಾವೆಲ್ಲ ಚಿಮಣಿಯನ್ನೇ ನೋಡುತ್ತಿದ್ದೆವು. ಪರಿಸರ ಅಧಿಕಾರಿ ಕಟಕಟೆಯಲ್ಲಿ ನಿಂತು ಹೇಳಿದ್ದು ಬೇರೆ: ಹೊಟ್ಟಿನ ಬೂದಿ ತೀರಾ ಹಗುರ, ನೀರು ಹಾಕಿ ನೆನೆಸದೆ ಬಯಲಿಗೆ ಸುರಿದರೆ ಸಣ್ಣ ಗಾಳಿಗೂ ಏಳುತ್ತದೆ. ರಾತ್ರಿ ತನಿಖೆಯಲ್ಲಿ ಆರ್‌ಐ ನೋಡಿದ್ದೂ ಅದನ್ನೇ, ಮಿಲ್ಲಿನ ಹಿಂದೆ ಒಣ ಬೂದಿಯ ಗುಡ್ಡೆ. ಆದೇಶವಾದದ್ದು 87ನೇ ದಿನ.

ನಮೂನೆ ಬದಲಿಸಿ ಎಂದು ಮೇಲಿನವರಿಗೆ ಎರಡು ಸಲ ಬರೆದೆ. ಇನ್ನೂ ಅದೇ ಒಂದು ಸಾಲು ಇದೆ. ಶಾಖೆಗೆ ಹೊಸದಾಗಿ ಬಂದವರಿಗೆ ಆ ರಾತ್ರಿ ತನಿಖೆಯ ಸೂಚನಾ ಪತ್ರದ ಜೆರಾಕ್ಸ್ ನಾನೇ ಕೊಡುತ್ತಿದ್ದೇನೆ.