ಅಷ್ಟ್ರಲ್ಲೇ ಹೇಗೆ ತೀರಿಸಿದೆ?

ಪ್ರಶ್ನೆ ಇಷ್ಟೇ: "ಅಷ್ಟ್ರಲ್ಲೇ ಸಾಲ ಹೇಗೆ ತೀರಿಸಿದೆ?" ಸಾಲ ಮೂರೂವರೆ ಲಕ್ಷ ಇತ್ತು. ಕೈಗೆ ಬರುವ ಸಂಬಳ 24,500. ಮೈಸೂರಿನ ಒಂದು ಹಾರ್ಡ್‌ವೇರ್ ಅಂಗಡಿಯಲ್ಲಿ ಲೆಕ್ಕ ಬರೆಯುವವನು ನಾನು. 2021ರ ಆಗಸ್ಟ್‌ನಲ್ಲಿ ಶುರು ಮಾಡಿ 2024ರ ಅಕ್ಟೋಬರ್‌ನಲ್ಲಿ ಮುಗಿಸಿದೆ. ಅವತ್ತಿಂದ ಇದನ್ನು ಬಾಯಲ್ಲಿ ಹೇಳಿ ಹೇಳಿ ಸಾಕಾಗಿದೆ. ಇನ್ನು ಮೇಲೆ ಕೇಳಿದವರಿಗೆ ಇದನ್ನೇ ಕಳಿಸುತ್ತೇನೆ.

ಮೊದಲು ಆ "ಅಷ್ಟ್ರಲ್ಲೇ" ಬಗ್ಗೆ. ಅದನ್ನು ಹೇಳುವಾಗ ಎಲ್ಲರ ಹೆಬ್ಬೆರಳೂ ತೋರುಬೆರಳೂ ಹತ್ತಿರ ಬರುತ್ತವೆ. ನಡುವೆ ಒಂದು ಸಾಸಿವೆ ಹಿಡಿಸುವಷ್ಟು ಜಾಗ. ಅದು ನನ್ನ ಸಂಬಳ.

ಸಾಲ ತೀರಿದ ಮರುತಿಂಗಳು ಮದ್ದೂರಿನ ಹತ್ತಿರ ಒಂದು ಬೀಗರೂಟಕ್ಕೆ ಹೋಗಿದ್ದೆ. ಎಲೆಗೆ ಮುದ್ದೆ ಬಿದ್ದಿತ್ತು, ಬೋಟಿ ಗೊಜ್ಜು ಇನ್ನೂ ಮೂರು ಎಲೆ ದೂರದಲ್ಲಿತ್ತು. ಆಗ ಎದುರು ಪಂಕ್ತಿಯಿಂದ, ವರಸೆಯಲ್ಲಿ ದೊಡ್ಡಪ್ಪ ಆಗಬೇಕಾದವರು, ಇಡೀ ಶಾಮಿಯಾನಕ್ಕೆ ಕೇಳುವ ಹಾಗೆ ಕೂಗಿದರು. "ಏನ್ಲಾ, ಸಾಲ ಎಲ್ಲಾ ತೀರುಸ್ಬುಟ್ಟಂತೆ? ಅಷ್ಟ್ರಲ್ಲೇ ಎಂಗ್ಲಾ? ಲಾಟ್ರಿ ಗೀಟ್ರಿ ಹೊಡೀತಾ?" ಎಲ್ಲರೂ ನಕ್ಕರು. ನಾನೂ ನಕ್ಕೆ. ನಗದೆ ಇನ್ನೇನು ಮಾಡಲಿ, ಕೈಯೆಲ್ಲ ಮುದ್ದೆ.

ಈಗ ಆ ಸಾಲ ಹೇಗಾಯಿತು ಅಂತಲೂ ಹೇಳಿಬಿಡುತ್ತೇನೆ. ಆಸ್ಪತ್ರೆ ಖರ್ಚು ಅಂದರೆ ಜನ ತಲೆ ಆಡಿಸುತ್ತಾರೆ. ಅಪ್ಪನ ಆಸ್ಪತ್ರೆ ಖರ್ಚು ಅರ್ಧ ಇತ್ತು, ನಿಜ. ಇನ್ನರ್ಧ ಮಗಳ ನಾಮಕರಣ. ಚೌಟ್ರಿ ಮಾಡಿ, ಊರಿಗೆಲ್ಲ ಊಟ ಹಾಕಿಸಿದ್ದೆ. ಆ ದೊಡ್ಡಪ್ಪನೂ ಉಂಡಿದ್ದರು, ಎರಡನೇ ಸಲ ಹೋಳಿಗೆ ಹಾಕಿಸಿಕೊಂಡಿದ್ದರು. ಅಂದರೆ ಆ ಮೂರೂವರೆ ಲಕ್ಷದಲ್ಲಿ ಎರಡು ಹೋಳಿಗೆ ಅವರದು.

ಸರಿ, ಲೆಕ್ಕ. ಕ್ರೆಡಿಟ್ ಕಾರ್ಡಿನಲ್ಲಿ 1,10,000. ಕೈಸಾಲ 80,000. ಪರ್ಸನಲ್ ಲೋನ್ ಬಾಕಿ 1,30,000. ಗೆಳೆಯನೊಬ್ಬನಿಗೆ 30,000. ಕೈಸಾಲಕ್ಕೆ ನಮ್ಮ ಕಡೆ ಹೇಳುವ ಹಾಗೆ ಮೂರು ರೂಪಾಯಿ ಬಡ್ಡಿ, ಅಂದರೆ ನೂರಕ್ಕೆ ತಿಂಗಳಿಗೆ ಮೂರು. ಕೊಟ್ಟವನನ್ನು ಮನೆಯಲ್ಲಿ ರಕ್ತ ಹೀರುವವನು ಅಂತ ಬೈಯುತ್ತಿದ್ದೆವು. ಒಂದು ರಾತ್ರಿ ಸುಮ್ನೆ ಕಾರ್ಡಿನ ಬಿಲ್ಲು ಬಿಡಿಸಿ ನೋಡಿದೆ. ಅದರಲ್ಲಿದ್ದದ್ದು ಮೂರೂವರೆ ರೂಪಾಯಿ ಬಡ್ಡಿ! ಮೇಲೆ ಬಡ್ಡಿಗೆ ನೂರಕ್ಕೆ 18ರಂತೆ ಜಿಎಸ್‌ಟಿ ಬೇರೆ. ಬಡ್ಡಿ 3,850, ತೆರಿಗೆ 693, ಒಟ್ಟು 4,543. ನಾನು ತಿಂಗಳು ತಿಂಗಳು ಕಟ್ಟುತ್ತಿದ್ದ ಮಿನಿಮಮ್ 5,500. ಸಾಲ ಕರಗುತ್ತಿದ್ದದ್ದು 957 ರೂಪಾಯಿ. ಆ 957ನ್ನೂ ಹತ್ತು ದಿನದೊಳಗೆ ಅದೇ ಕಾರ್ಡಿನಲ್ಲಿ ದಿನಸಿ ತಂದು ಭರ್ತಿ ಮಾಡುತ್ತಿದ್ದೆ. ದಿನವಿಡೀ ಬೇರೆಯವರ ಲೆಕ್ಕ ಬರೆಯುವವನಿಗೆ ಇದು ಎರಡು ವರ್ಷ ಕಾಣಲಿಲ್ಲ. ಕೈಸಾಲದವನು ಮನೆ ಬಾಗಿಲಿಗೆ ಬರುತ್ತಾನೆ, ಅದಕ್ಕೆ ಅವನ ಭಯ. ಕಾರ್ಡು ಪರ್ಸಿನಲ್ಲಿ ಮರ್ಯಾದಸ್ಥನ ಹಾಗೆ ಕೂತಿರುತ್ತದೆ.

ಹೆಂಡತಿಯ ನಲವತ್ತು ಗ್ರಾಂ ಸರ ಬೀರುವಿನಲ್ಲಿತ್ತು. ಬ್ಯಾಂಕಿನಲ್ಲಿ ಅಡ ಇಟ್ಟು 1,10,000 ತಂದು ಕಾರ್ಡು ಮುಚ್ಚಿದೆ. ನನಗೆ ಸಿಕ್ಕಿದ್ದು ವರ್ಷಕ್ಕೆ ನೂರಕ್ಕೆ ಒಂಬತ್ತರ ದರ. ನಮ್ಮ ಲೆಕ್ಕದಲ್ಲಿ ಮುಕ್ಕಾಲು ರೂಪಾಯಿ ಬಡ್ಡಿ. ತಿಂಗಳಿಗೆ 825. ನಾಲ್ಕೂವರೆ ಸಾವಿರ ಎಲ್ಲಿ, 825 ಎಲ್ಲಿ! ನೀವು ಕೇಳುವ ಉಪಾಯ ಅಂತ ಏನಾದರೂ ಇದ್ದರೆ ಇದೊಂದೇ. "ಓ, ಹೆಂಡ್ತಿ ಒಡವೆ ಅಡ ಇಟ್ಟು ತೀರಿಸಿದ್ನಂತೆ" ಅಂತ ಅನ್ನುವವರಿಗೂ ಹೇಳಿಬಿಡುತ್ತೇನೆ. ಹೌದು. ಅಡ ಇಡೋಣ ಅಂದಿದ್ದು ಅವಳೇ. ನಾನು ಎರಡು ವಾರ ಬೇಡ ಅಂದೆ. ಆ ಎರಡು ವಾರದ ಬಡ್ಡಿ ನನ್ನ ಗಂಡಸುತನಕ್ಕೆ ಕಟ್ಟಿದ್ದು.

ಉಳಿದ ದುಡ್ಡು ಕೈಸಾಲಕ್ಕೆ. ಅವನೋ ಚಿಲ್ಲರೆ ಅಸಲು ಮುಟ್ಟುತ್ತಿರಲಿಲ್ಲ. "ಹತ್ತು ಸಾವ್ರ ಒಟ್ಟಿಗೆ ತಗಂಡ್ ಬಾ" ಅಂದ. ಬಡ್ಡಿ ನಡೆಯುತ್ತಿದ್ದರೆ ಅವನಿಗೆ ಸುಖ ಅಲ್ವಾ. ಹಾಗಾಗಿ ಕೂಡಿಸಿ ಕೂಡಿಸಿ ಕೊಟ್ಟು ಹದಿನೇಳು ತಿಂಗಳಿಗೆ ಅವನನ್ನು ಕಳಚಿಕೊಂಡೆ. ಆಮೇಲೆ ಸರ. ಲೋನಿನ ಕಂತು 5,200 ಅದರ ಪಾಡಿಗೆ ಅದು ಹೋಗುತ್ತಿತ್ತು. ಗೆಳೆಯನದು ಕೊನೆಗೆ, ಅವನು ಬಡ್ಡಿ ಕೇಳಲಿಲ್ಲ, ಅದಕ್ಕೆ. ಅವನಿಗೆ ಇದು ಅನ್ಯಾಯ ಅಂತ ಗೊತ್ತು.

ಬಾಡಿಗೆ 6,500 ಕಳೆದು ಮನೆಗೆ ಉಳಿದದ್ದು ವಾರಕ್ಕೆ 1,100. ಫೋನಿನಿಂದ ದುಡ್ಡು ಕಳಿಸುವ ಆ್ಯಪ್ ತೆಗೆದು ಹಾಕಿದೆ. ಸೋಮವಾರ ನೋಟು ತಂದು ಡಬ್ಬಿಗೆ ಹಾಕುವುದು, ಶನಿವಾರ ಡಬ್ಬಿ ಖಾಲಿಯಾದರೆ ಭಾನುವಾರ ಉಪ್ಸಾರು. ಆದರೆ 1,100ರಲ್ಲಿ ಸಂಸಾರ ಮಾಡಿದೆ ಅಂತ ಎದೆ ಉಬ್ಬಿಸಿದರೆ ಸುಳ್ಳಾಗುತ್ತದೆ. ರಾಗಿ, ಅಕ್ಕಿ ಪಾಂಡವಪುರದ ಕಡೆ ನಮ್ಮೂರಿನಿಂದ ಬರುತ್ತಿತ್ತು. ಮಗಳ ಫೀಸು ಹೆಂಡತಿ ಬ್ಲೌಸ್ ಹೊಲಿದ ದುಡ್ಡು. 2023ರ ಜೂನ್‌ನಿಂದ ಅವಳಿಗೆ ಬಸ್ಸು ಫ್ರೀ. ಆಗಸ್ಟ್ 30ಕ್ಕೆ ನಮ್ಮ ಮೈಸೂರಿನಲ್ಲೇ ಗೃಹಲಕ್ಷ್ಮಿ ಶುರುವಾಯಿತು, ಅವಳ ಅತ್ತೆ, ಅಂದರೆ ನಮ್ಮಮ್ಮ, ಬೇರೆ ಮನೆಯಲ್ಲಿ ಇರುವುದರಿಂದ ಆ ಎರಡು ಸಾವಿರ ಇವಳ ಖಾತೆಗೇ ಬಂತು. ಬಿಟ್ಟಿ ಭಾಗ್ಯ ಅಂತ ಮೂಗು ಮುರಿಯುವವರೇ ನನ್ನನ್ನು ಶಿಸ್ತಿನ ಸಿಪಾಯಿ ಅಂತ ಹೊಗಳುತ್ತಾರೆ. ಎರಡೂ ಒಂದೇ ಡಬ್ಬಿಗೆ ಬಿದ್ದ ದುಡ್ಡು ಸ್ವಾಮಿ.

ಇಷ್ಟೇ. ಲೆಕ್ಕ ಒಂದು ರಾತ್ರಿಯ ಕೆಲಸ. ಅದನ್ನೇ ಯಾಕೆ ಎಲ್ಲರೂ ಕೇಳುತ್ತೀರೋ ಗೊತ್ತಾಗುವುದಿಲ್ಲ. "ಇಲ್ಲ ಅಂತ ಮೊದಲು ಯಾರಿಗೆ ಹೇಳಿದೆ?" ಅಂತ ಇವತ್ತಿನವರೆಗೂ ಒಬ್ಬರೂ ಕೇಳಿಲ್ಲ.

ತಂಗಿಗೆ. 2021ರ ಗೌರಿ ಹಬ್ಬಕ್ಕೆ, ಶುರು ಮಾಡಿ ಒಂದು ತಿಂಗಳೂ ಆಗಿರಲಿಲ್ಲ. ಬಾಗಿನದ ಜೊತೆ ತವರಿನ ಸೀರೆ ಹೋಗಬೇಕು. ಫೋನ್ ಮಾಡಿದೆ. "ಈ ಸಲ ಅರಿಶಿನ ಕುಂಕುಮಕ್ಕೆ ಅಂತ ನೂರೊಂದು ಕಳಿಸ್ತೀನಮ್ಮ, ಸೀರೆ ಆಗಲ್ಲ." ಎಷ್ಟು ಸಾಲ ಇದೆ ಅಂತಲೂ ಹೇಳಿದೆ. ಅವಳು "ಹೂಂ" ಅಂದಳು, ಇಟ್ಟಳು. ನಾಲ್ಕು ತಿಂಗಳು ಫೋನ್ ಇಲ್ಲ. ಅತ್ತೆ ಮನೆಯಲ್ಲಿ ಓರಗಿತ್ತಿಯ ಎದುರು ಅವಳಿಗೆ ಏನಾಯಿತೋ, ನಾನು ಕೇಳಲಿಲ್ಲ, ಅವಳು ಹೇಳಲಿಲ್ಲ. ಕಾರ್ಡಿನ ಬಡ್ಡಿಗೆ ನಾನು ಯಾವತ್ತೂ ನಿದ್ದೆ ಕೆಟ್ಟಿರಲಿಲ್ಲ. ಆ "ಹೂಂ"ಗೆ ಕೆಟ್ಟೆ.

ಅದಾದ ಮೇಲೆ ಬೇರೆಯವರಿಗೆ ಇಲ್ಲ ಅನ್ನುವುದು ಸಲೀಸಾಯಿತು. ಮುಯ್ಯಿ ಅಂತೂ ನೇರ ಕಡಿತ. ನಮ್ಮ ಕಡೆ ಮುಯ್ಯಿ ಅಂದರೆ ಉಡುಗೊರೆ ಅಲ್ಲ, ಪುಸ್ತಕದಲ್ಲಿ ಬರೆದಿಟ್ಟ ಸಾಲ. ನಾಮಕರಣಕ್ಕೆ ನನಗೆ ಸಾವಿರ ಹಾಕಿದವರ ಮನೆ ಮದುವೆಗೆ ನಾನು ಇನ್ನೂರು ಹಾಕಿ ಬಂದೆ. ಬರೆದುಕೊಳ್ಳುತ್ತಿದ್ದ ಹುಡುಗ ತಲೆ ಎತ್ತಿ "ಇನ್ನೂರಾ ಅಣ್ಣ?" ಅಂತ ಇನ್ನೊಂದು ಸಲ ಕೇಳಿದ. ಇನ್ನೂರೇ ಕಣಪ್ಪ. ಯುಗಾದಿಯಿಂದ ಆಷಾಢದವರೆಗೆ ಪತ್ರಿಕೆ ಹಿಡಿದು ಯಾರಾದರೂ ಗೇಟು ತೆಗೆದರೆ ಎದೆ ಧಸಕ್ ಅನ್ನುತ್ತಿತ್ತು. ಆಷಾಢ ಅಷ್ಟು ಶುಭ ಮಾಸ ಅಂತ ನನಗೆ ಗೊತ್ತಾಗಿದ್ದು ಆಗಲೇ.

ತಂಗಿ ಈಗ ಮಾತಾಡುತ್ತಾಳೆ. ಸಾಲ ತೀರಿದ ಸುದ್ದಿ ಹೇಳಿದಾಗ ಸಂತೋಷಪಟ್ಟಳು, ಆಮೇಲೆ ಬೆರಳು ಮಡಚಿ ಎಣಿಸಿದಳು. 21, 22, 23, 24. "ನಾಲ್ಕು ಸೀರೆ ಬಾಕಿ ಅಣ್ಣ. ಬಣ್ಣ ನಾನೇ ಆರಿಸ್ತೀನಿ." 2025ರ ಹಬ್ಬಕ್ಕೆ ಆ ವರ್ಷದ್ದು ಸೇರಿ ಮೂರು ಕೊಟ್ಟೆ. ಇನ್ನು ಎರಡಿವೆ. ಬಡ್ಡಿಗೆ ಬ್ಲೌಸ್ ಪೀಸ್ ಕೇಳುತ್ತಿದ್ದಾಳೆ.